ನಾಗರಾಜಪ್ಪನ ನೂರು ಕತ್ತಿ

ಮೊಳಕಾಲ್ಮೂರಿನ ನೇಕಾರ ನಾಗರಾಜಪ್ಪನಿಗೆ ಹೊಟ್ಟೆಯುರಿ ಹತ್ತಿಕೊಂಡದ್ದು ಒಂದು ಮಂಗಳವಾರ, ಬೆಳಗಿನ ಹತ್ತೂಕಾಲು ಗಂಟೆಗೆ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಹತ್ತು ಗಂಟೆಗೆ ಅವನು ಎರಡು ತಟ್ಟೆ ಚಿತ್ರಾನ್ನ ತಿಂದು, ತೇಗಿ, ಭೂಮಿಯ ಮೇಲೆ ಯಾರ ಬಗ್ಗೆಯೂ ಯಾವ ತಕರಾರೂ ಇಲ್ಲದವನಾಗಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟಿದ್ದ. ಹತ್ತೂಕಾಲಿಗೆ ಅವನ ಹೆಂಡತಿ ಗೋವಿಂದಮ್ಮ, ಚಳ್ಳಕೆರೆಯಿಂದ ಬಂದಿದ್ದ ತಂಗಿ ರಂಜಿತಾಳ ಕೈಗೆ ಕಾಫಿ ಲೋಟ ಕೊಡುತ್ತ ಒಂದು ಮಾತು ಆಡಿದಳು.

“ಏನೇ ಹೇಳು ರಂಜಿ, ನಿಮ್ಮೆಜಮಾನ್ರ ಗಲ್ಲ ಐತಲ್ಲ, ನಮ್ಮ ಮಗ್ಗದ ಪಟ್ಟೆ ಇದ್ದಂಗೈತೆ. ನೊಣ ಕೂತ್ರೂ ಜಾರ್ತೈತೆ.”

ಆ ಮನೆಯಲ್ಲಿ ಅಕ್ಕತಂಗಿಯರು ಆಡುವುದು ತೆಲುಗು. ಓದುವವರ ಅನುಕೂಲಕ್ಕೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ಒಂದೇ ಒಂದು ಮಾತನ್ನು ಮಾತ್ರ ಮುಂದೆ ತೆಲುಗಿನಲ್ಲೇ ಹೇಳಬೇಕಾಗುತ್ತದೆ, ಏಕೆಂದರೆ ಇಷ್ಟೆಲ್ಲ ರಾಮಾಯಣ ನಡೆದದ್ದು ಆ ಒಂದು ಮಾತಿನಿಂದ. ಅದು ಬಂದಾಗ ನೋಡೋಣ.

ಮಗ್ಗದ ಮೇಲೆ ಲಾಳಿ ನಡುದಾರಿಯಲ್ಲಿ ನಿಂತಿತು. ನಾಗರಾಜಪ್ಪ ತನ್ನ ಕೆನ್ನೆಯ ಮೇಲೆ ಕೈಯಾಡಿಸಿಕೊಂಡ. ಮೂರು ದಿನದ ಬೆಳೆ ಅದು, ಬೇಸಿಗೆಯಲ್ಲಿ ಉಳ್ಳಾರ್ತಿ ಕಾವಲಿನಲ್ಲಿ ದನ ಮೇದು ಬಿಟ್ಟ ಕೂಳೆಯ ಹಾಗೆ ಕೈಗೆ ಚುಚ್ಚಿತು. ಇಪ್ಪತ್ತೆಂಟು ವರ್ಷದಿಂದ ಅವನು ರೇಷ್ಮೆ ನೇಯ್ದಿದ್ದಾನೆ. ಸೆರಗಿನಲ್ಲಿ ನವಿಲು ಕೂರಿಸಿದ್ದಾನೆ, ಅಂಚಿನಲ್ಲಿ ಗೋಪುರ ನಿಲ್ಲಿಸಿದ್ದಾನೆ. ಒಂದು ದಿನವೂ ಗೋವಿಂದಮ್ಮ ಅವನ ಯಾವ ಅಂಗವನ್ನೂ ಅವನ ಸೀರೆಗೆ ಹೋಲಿಸಿರಲಿಲ್ಲ. ಈಗ ಅವನದೇ ಮಗ್ಗ, ಅವನದೇ ರೇಷ್ಮೆ, ಹೋಲಿಕೆ ಮಾತ್ರ ಷಡ್ಡಕನ ಗಲ್ಲಕ್ಕೆ.

ಈ ಷಡ್ಡಕ, ಎಂದರೆ ರಂಜಿತಾಳ ಗಂಡ ರವಿತೇಜ, ಚಳ್ಳಕೆರೆಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸದಲ್ಲಿದ್ದ. ನಾಗರಾಜಪ್ಪ ತಿಂಗಳುಗಟ್ಟಲೆ ಗುಂಡಿಯಲ್ಲಿ ಕೂತು ನೇಯ್ದ ಸೀರೆಯನ್ನು ಅವನು ಅರ್ಧ ನಿಮಿಷದಲ್ಲಿ ತನ್ನ ಹೆಗಲ ಮೇಲೆ ಹೊದ್ದುಕೊಂಡು, ಕನ್ನಡಿ ಮುಂದೆ ಒಂದು ಸುತ್ತು ತಿರುಗಿ, ಮದುವೆಗೆ ಜವಳಿ ತೆಗೆಯಲು ಬಂದ ಹೆಂಗಸರಿಂದ ಎಷ್ಟು ಚೆನ್ನಾಗೈತೆ ಅನ್ನಿಸಿಕೊಳ್ಳುತ್ತಿದ್ದ. ನೇಯ್ದವನ ಹೆಸರು ಕೇಳಿದವರಿಲ್ಲ. ಆ ಮೆಚ್ಚುಗೆಯಲ್ಲಿ ಸೀರೆಯ ಪಾಲೆಷ್ಟು, ಗಲ್ಲದ ಪಾಲೆಷ್ಟು ಎಂಬುದು ನಾಗರಾಜಪ್ಪ ಬಹಳ ಸಲ ಯೋಚಿಸಿದ್ದ ವಿಷಯ. ಗಲ್ಲದ ಗುಟ್ಟನ್ನು ರವಿತೇಜ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ತಾನು ಬಿಸಾಡುವ ಪ್ಲಾಸ್ಟಿಕ್ ರೇಜರ್ ಮುಟ್ಟುವವನಲ್ಲ, ಹಳೆಯ ಕಾಲದವರ ಹಾಗೆ ಮಡಚುವ ಕತ್ತಿಯಲ್ಲೇ ಮನೆಯಲ್ಲಿ ಕ್ಷೌರ ಮಾಡಿಕೊಳ್ಳುವವನು, ಅದಕ್ಕೆ ಗುಂಡಿಗೆ ಬೇಕು, ಕೈ ನಿಲ್ಲಬೇಕು ಎಂದು.

ಕೈ ನಿಲ್ಲುವ ಈ ಮಾತೇ ನಾಗರಾಜಪ್ಪನಿಗೆ ಮುಳುವಾಯಿತು. ಹನ್ನೊಂದು ದಿನಕ್ಕೆ ಹೆಂಡತಿಯ ಒಬ್ಬನೇ ತಮ್ಮ ಶಶಿಕಾಂತನ ಮದುವೆಯಿತ್ತು. ಅತ್ತೆಯ ಮನೆಯಲ್ಲಿ ಒಂದು ಪದ್ಧತಿ. ಅರಿಶಿನದ ದಿನ ಮದುವೆ ಗಂಡನ್ನು ಮಣೆಯ ಮೇಲೆ ಕೂರಿಸಿ, ಮನೆಯ ಹಿರಿಯ ಅಳಿಯ ಕ್ಷೌರದ ಕತ್ತಿಯನ್ನು ಹಾಲಿನಲ್ಲಿ ಅದ್ದಿ ಮೊದಲು ಅವನ ಕೆನ್ನೆಗೆ ಇಡಬೇಕು. ಉಳಿದದ್ದು ಕ್ಷೌರಿಕನ ಕೆಲಸ. ಹಾಗೆ ಕತ್ತಿ ಇಟ್ಟ ಅಳಿಯನಿಗೆ ಊಟದಲ್ಲಿ ಮೊದಲನೇ ಎಲೆ, ಆಮೇಲೆ ಜೀವಮಾನವಿಡೀ ‘ನಾನೇ ಅಲ್ವೇನೋ ನಿನಗೆ ಕತ್ತಿ ಇಟ್ಟೋನು’ ಎಂದು ಬಾಮೈದನ ಮೇಲೆ ಅಧಿಕಾರ. ಇರುವವನು ಒಬ್ಬನೇ ಬಾಮೈದ. ಈ ಸಲ ತಪ್ಪಿದರೆ ಇನ್ನೊಂದು ಸಲ ಎಂಬುದಿಲ್ಲ. ಅದೇ ಮಂಗಳವಾರ ಸಂಜೆ ಅತ್ತೆ ಕೊಂಡ್ಲಹಳ್ಳಿಯಿಂದ ಫೋನ್ ಮಾಡಿ, ದೊಡ್ಡ ಅಳಿಯಂದಿರಿಗೆ ಕೈ ನಡುಗುತ್ತದೆ, ಹೋದ ಯುಗಾದಿಗೆ ಸಾರು ಬಡಿಸಲು ಹೋಗಿ ನನ್ನ ಸೀರೆ ಮೇಲೆ ಹೊಯ್ದರು, ಈ ಸಲ ಚಿಕ್ಕ ಅಳಿಯಂದಿರೇ ಕತ್ತಿ ಇಡಲಿ, ಅವರಿಗೆ ರೂಢಿ ಇದೆಯಂತಲ್ಲ ಎಂದು ಮಗಳಿಗೆ ಹೇಳಿದರು.

ದಿನಕ್ಕೆ ಸಾವಿರ ಸಲ ಲಾಳಿ ಎಸೆಯುವ ಕೈ ಅದು. ಒಂದು ಎಳೆ ತಪ್ಪಿದರೆ ಕಣ್ಣು ಮುಚ್ಚಿಕೊಂಡೇ ಹಿಡಿಯುವ ಕೈ. ಅದಕ್ಕೆ ಸಾರಿನ ಸಾಕ್ಷಿ ಹೇಳಿ ಮರ್ಯಾದೆ ಕಳೆದರಲ್ಲ ಎಂದು ನಾಗರಾಜಪ್ಪ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರೇ ಮುದ್ದೆ ತಿಂದ.

ಬುಧವಾರ ಬೆಳಿಗ್ಗೆ ಅವನು ಅಟ್ಟ ಹತ್ತಿ ತನ್ನಪ್ಪನ ಟ್ರಂಕು ಇಳಿಸಿದ. ಹಳೆಯ ವಿನ್ಯಾಸದ ರಟ್ಟುಗಳ ಅಡಿಯಲ್ಲಿ ಅಪ್ಪನ ಕ್ಷೌರದ ಕತ್ತಿ ಸಿಕ್ಕಿತು. ಮೂಳೆಯ ಹಿಡಿ, ಮಡಚಿದರೆ ಅಂಗೈಯಷ್ಟು. ಅಪ್ಪ ತೀರಿಕೊಂಡ ಮೇಲೆ ಅವ್ವ ಅದರಲ್ಲಿ ಬಹಳ ವರ್ಷ ಹುಣಸೆಹಣ್ಣಿನ ಉಂಡೆ ಕೊಯ್ದಿದ್ದರಿಂದ ಅಲಗಿನ ಬಾಯಿ ಗರಗಸವಾಗಿತ್ತು, ವಾಸನೆ ಇನ್ನೂ ಹುಳಿ. ಇದನ್ನು ತಾನೇ ಮಸೆದು, ತಾನೇ ಹರಿತ ಮಾಡಿ, ಆ ಕತ್ತಿಯಲ್ಲೇ ತನ್ನ ಗಲ್ಲವನ್ನು ಪಟ್ಟೆ ಮಾಡಿಕೊಂಡು ಅತ್ತೆಯ ಮುಂದೆ ನಿಲ್ಲುವುದು, ಆಮೇಲೆ ಯಾರ ಕೈ ನಡುಗುತ್ತದೋ ನೋಡುವುದು ಎಂದು ಅವನು ತೀರ್ಮಾನಿಸಿದ.

ಮೊದಲು ಅಡಿಗೆಮನೆ ಕಟ್ಟೆಯಲ್ಲಿ ಉಳಿದಿದ್ದ ಗ್ರಾನೈಟ್ ತುಂಡಿನ ಮೇಲೆ ಉಜ್ಜಿದ. ಗ್ರಾನೈಟ್ ಹೊಳೆಯಿತು, ಕತ್ತಿ ಹೊಳೆಯಲಿಲ್ಲ. ಆಮೇಲೆ ಪೇಟೆಯಿಂದ ಸಾಣೆಕಲ್ಲು ತಂದು, ಅದಕ್ಕೆ ಚಳ್ಳಕೆರೆ ಗಾಣದ ಕಡಲೆಕಾಯಿ ಎಣ್ಣೆ ಸುರಿದ. ಫೋನಿನಲ್ಲಿ ಯಾರೋ ಬಿಳಿಯ ದೊರೆ ಕತ್ತಿ ಮಸೆಯುವ ವಿಡಿಯೋ ಹಾಕಿಕೊಂಡು, ಅವನು ಎಡಕ್ಕೆ ಎಳೆದರೆ ಇವನು ಎಡಕ್ಕೆ, ಅವನು ಬಲಕ್ಕೆ ಎಳೆದರೆ ಇವನು ಬಲಕ್ಕೆ ಎಳೆದ. ಮಧ್ಯೆ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಬಂದಾಗಲೂ ಎಳೆಯುತ್ತಲೇ ಇದ್ದ.

ಎದುರು ಜಗಲಿಯಲ್ಲಿ ಕಾಮಣ್ಣ ಕೂತಿದ್ದ. ಐವತ್ತು ವರ್ಷ ಊರಿನ ಗಡ್ಡವನ್ನೆಲ್ಲ ಬೋಳಿಸಿ, ಈಗ ಅಂಗಡಿಯನ್ನು ಮಗನಿಗೆ ವಹಿಸಿ, ಮದುವೆ ಮನೆಗಳಿಗೆ ಮಾತ್ರ ಹೋಗುತ್ತಿದ್ದ ಮುದುಕ. ಶಶಿಕಾಂತನ ಮದುವೆಗೂ ಅವನೇ. ಒಂದು ಗಂಟೆ ನೋಡಿ, ತಡೆಯಲಾರದೆ ಎದ್ದು ಬಂದ.

“ನಾಗರಾಜಪ್ಪಾರೆ, ಇದು ಕುಡುಗೋಲಲ್ಲ. ಕತ್ತೀದು ಬೆನ್ನೂ ಬಾಯೀ ಎರಡೂ ಕಲ್ಲಿನ ಮೇಲೆ ಮಲಗ್ಬೇಕು. ನೀವು ಬೆನ್ನು ಎತ್ತಿ ಎತ್ತಿ ಉಜ್ತೀರ. ಹಿಂಗಾದ್ರೆ ಬಾಯಿ ಮುರೀತೈತೆ, ಗಲ್ಲ ಕುಯ್ತೈತೆ.”

“ಬೆನ್ನು ಎತ್ತಬಾರ್ದಾ?”

“ಎತ್ತಲೇಬಾರ್ದು. ಮಗ್ಗುಲು ಬದಲಾಯಿಸುವಾಗ ಬೆನ್ನಿನ ಮೇಲೆ ಹೊರಳಿಸ್ಬೇಕು. ಒತ್ತಬಾರ್ದು. ನೀವು ಒತ್ತೋದು ನೋಡಿದ್ರೆ ಆ ಕಲ್ಲಿನ ಮೇಲೆ ಯಾರೋ ಮಲಗಿದಂಗೈತೆ.”

ಮಲಗಿದ್ದು ಯಾರೆಂದು ನಾಗರಾಜಪ್ಪ ಹೇಳಲಿಲ್ಲ. ಕಾಮಣ್ಣ ಹೇಳಿಕೊಟ್ಟ ಹಾಗೆ ಹತ್ತು ಎಳೆತ ಸರಿಯಾಗಿ ಎಳೆಯುವನು, ಹನ್ನೊಂದನೆಯದಕ್ಕೆ ಜಾರುವ ನೊಣ ನೆನಪಾಗಿ ಮೈಯ ಭಾರವೆಲ್ಲ ಕೈಗೆ ಬರುವುದು. ಕಡೆಗೆ ಚರ್ಮದ ಪಟ್ಟಿಯ ಮೇಲೆ ತೀಡಬೇಕು, ಅಲ್ಲಿ ಬೆನ್ನು ಮುಂದಾಗಿ ಹೋಗಬೇಕು ಎಂದು ಕಾಮಣ್ಣ ಹೇಳಿದ್ದ. ನಾಗರಾಜಪ್ಪ ತನ್ನ ಒಂದೇ ಒಂದು ಬೆಲ್ಟನ್ನು ಕಿಟಕಿಯ ಸರಳಿಗೆ ಕಟ್ಟಿ, ರವಿತೇಜನನ್ನು ನೆನೆದು, ಬಾಯಿ ಮುಂದಾಗಿಯೇ ಎಳೆದ. ಬೆಲ್ಟ್ ಎರಡು ತುಂಡಾಯಿತು. ಮಾಡಿದಷ್ಟು ಹರಿತವೂ ಅದರೊಂದಿಗೆ ಹೋಯಿತು. ಮತ್ತೆ ಕಲ್ಲಿಗೆ ಬಂದ. ಹೀಗೆ ಮೂರು ದಿನ. ಮಗ್ಗದ ಮೇಲೆ ಮದುಮಗಳ ಸೀರೆ ಅರ್ಧಕ್ಕೆ ನಿಂತಿತ್ತು, ಜಗಲಿಯ ಮೇಲೆ ಕರ್ ಕರ್ ಎಂಬ ಸದ್ದು ನಿಲ್ಲಲಿಲ್ಲ.

ಶುಕ್ರವಾರ ಬೆಳಿಗ್ಗೆ ಗೋವಿಂದಮ್ಮ ಬಾಗಿಲಲ್ಲಿ ನಿಂತು, ಚಳ್ಳಕೆರೆಗೆ ಮರಳಿದ್ದ ತಂಗಿಗೆ ಫೋನಿನಲ್ಲಿ ಗೋಳು ಹೇಳಿಕೊಂಡಳು. ಮೊದಲೇ ಹೇಳಿದ ಆ ತೆಲುಗು ಮಾತು ಬಂದದ್ದು ಇಲ್ಲಿ. “ಮೀ ಬಾವ ಪೊದ್ದುನಿಂಚಿ ಕತ್ತಿ ನೂರುತಾನೇ ಉಂಡಾಡು,” ಎಂದಳು. ನಿಮ್ಮ ಬಾವ ಬೆಳಗಿನಿಂದ ಕತ್ತಿ ಮಸೀತಾನೇ ಇದ್ದಾನೆ ಎಂದು ಅರ್ಥ. ತೆಲುಗಿನಲ್ಲಿ ನೂರುವುದೆಂದರೆ ಮಸೆಯುವುದು. ಪಾಪ, ತಪ್ಪೇನೂ ಇಲ್ಲದ ಮಾತು. ಆದರೆ ಅದೇ ಹೊತ್ತಿಗೆ ಮೊಸರಿನ ಪಾಪಕ್ಕ ಮೆಟ್ಟಿಲ ಮೇಲೆ ಕುಕ್ಕೆ ಇಳಿಸಿ ಕೂತಿದ್ದಳು.

ಪಾಪಕ್ಕ ವರವು ಕಾವಲಿನ ಪಕ್ಕದ ಹಟ್ಟಿಯಿಂದ ಬಂದವಳು, ಮನೆಮಾತು ಕನ್ನಡ. ನೇಕಾರರ ಬೀದಿಯಲ್ಲಿ ಹನ್ನೆರಡು ವರ್ಷ ಮೊಸರು ಮಾರಿ ಅವಳು ಕಲಿತದ್ದು ವ್ಯಾಪಾರದ ತೆಲುಗು. ಬಾ, ಹೋಗು, ಒಂದರಿಂದ ನೂರು, ಜೊತೆಗೆ ಎಮ್ಮೆಗೆ ಬೇಕಾದ ‘ಗಡ್ಡಿ’, ಎಂದರೆ ಹುಲ್ಲು. ಅಷ್ಟರಲ್ಲಿ ಅವಳು ಪಂಡಿತೆ. ಗೋವಿಂದಮ್ಮನ ಮಾತಿನಲ್ಲಿ ಅವಳಿಗೆ ಕತ್ತಿ ಗೊತ್ತಾಯಿತು, ನೂರು ಚೆನ್ನಾಗಿಯೇ ಗೊತ್ತಾಯಿತು. ಮುಂದೆ ರವಿತೇಜ ಎಂಬ ಹೆಸರು ಬಂತು, ಮದುವೆಯ ಮಾತೂ ಬಂತು. ಮೊಸರು ಅಳೆಯುವ ಕೈ ಹಾಗೇ ನಿಂತಿತು.

ಮುಂದಿನ ಮನೆಯಲ್ಲಿ ಪಾಪಕ್ಕ ಅದನ್ನು ಒಳ್ಳೆಯ ಕನ್ನಡಕ್ಕೆ ತಿರುಗಿಸಿ ಹೇಳಿದಳು. “ನಾಗರಾಜಪ್ಪಾರ ಮನೇಲಿ ನೂರು ಕತ್ತಿ ಅವಂತೆ. ಅವರ ಹೆಂಡ್ರೇ ತಂಗಿಗೆ ಹೇಳಿ ಅಳ್ತಿದ್ರು.”

ಅಷ್ಟು ಕತ್ತಿಯನ್ನು ಎಲ್ಲಿ ಇಟ್ಟಿರಬಹುದು ಎಂಬ ಪ್ರಶ್ನೆ ಆ ಮನೆಯಲ್ಲಿ ಹುಟ್ಟಿತು. ಅದರ ಮುಂದಿನ ಮನೆಯಲ್ಲಿ ಉತ್ತರ ಸಿಕ್ಕಿತು. ಮಗ್ಗದ ಗುಂಡಿ ಇದೆಯಲ್ಲ, ಬೇರೆ ಎಲ್ಲಿ. ಯಾತಕ್ಕೆ ಎಂಬುದು ನಾಲ್ಕನೇ ಮನೆಯಲ್ಲಿ ಬಗೆಹರಿಯಿತು, ಕತ್ತಿ ಇಡುವ ಮರ್ಯಾದೆ ಚಿಕ್ಕ ಅಳಿಯನ ಪಾಲಾಯಿತೆಂಬ ಸುದ್ದಿ ಅಲ್ಲಿಗೆ ಮೊದಲೇ ಬಂದಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನ ಹೊತ್ತಿಗೆ ಮಾತು ಹದಕ್ಕೆ ಬಂದಿತ್ತು. ನಾಗರಾಜಪ್ಪ ಷಡ್ಡಕನ ಮೇಲೆ ಕತ್ತಿ ಮಸೀತಾ ಇದಾನೆ. ಯಾರ ಮೇಲೆ ಯಾರಿಗೆ ಹಗೆಯಿದ್ದರೂ ಜನ ಹೀಗೇ ಹೇಳುವುದು. ಹಾಗೆಂದ ಮಾತ್ರಕ್ಕೆ ಯಾರೂ ಹೋಗಿ ಕತ್ತಿ ಹುಡುಕುವುದಿಲ್ಲ. ಆದರೆ ಇಲ್ಲಿ ಬೇಕಾದವರು ಆ ಬೀದಿಗೆ ಹೋಗಿ ನೋಡಬಹುದಿತ್ತು. ನಾಲ್ಕು ಜನ ನೋಡಿಯೂ ಬಂದರು. ಒಬ್ಬ, ನಾನು ಕಣ್ಣಾರೆ ಕಂಡೆ, ತೊಂಬತ್ತೊಂಬತ್ತು ಮುಗಿದು ಕೊನೇದು ಮಸೀತಿದ್ದ ಎಂದ.

ನಾಗರಾಜಪ್ಪನಿಗೆ ಇದ್ಯಾವುದೂ ತಿಳಿಯದು. ಅವನಿಗೆ ತಿಳಿದದ್ದು, ಊರಿನಲ್ಲಿ ತನಗೆ ಇದ್ದಕ್ಕಿದ್ದಂತೆ ಬೆಲೆ ಬಂದಿದೆ ಎಂಬುದು. ಎಣ್ಣೆ ತರಲು ಹೋದರೆ ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಹೋಟೆಲಿನವನು ಕುರ್ಚಿ ಒರೆಸಿ ಕೊಟ್ಟ, ಕೇಳದೇ ಮಿರ್ಚಿ ಬಜ್ಜಿ ತಂದಿಟ್ಟ. ಹತ್ತು ವರ್ಷದಿಂದ ಮುಖ ತಿರುಗಿಸುತ್ತಿದ್ದ ಗೋಡೆಯ ತಗಾದೆಯ ಪಕ್ಕದಮನೆಯವನು ಕೈಮುಗಿದು, ಗೋಡೆ ಒಂದು ಗೇಣು ಆಚೆ ಹಾಕ್ಕೊಳ್ಳಿ ಅಣ್ಣ, ಏನೂ ಪರವಾಗಿಲ್ಲ ಎಂದ. ಸ್ವಂತ ಕೈಯಲ್ಲಿ ಕತ್ತಿ ಮಸೆಯುವುದೆಂದರೆ ಸಾಮಾನ್ಯವಲ್ಲ, ಜನಕ್ಕೆ ಗೊತ್ತಾಗುತ್ತದೆ ನೋಡು ಎಂದು ಅವನು ಮನೆಗೆ ಬಂದು ಗೋವಿಂದಮ್ಮನಿಗೆ ಹೇಳಿದ. ಚಳ್ಳಕೆರೆಯವನಿಗೆ ಯಾರಾದರೂ ಗೋಡೆ ಬಿಟ್ಟುಕೊಟ್ಟಿದ್ದಾರಾ ಎಂದೂ ಕೇಳಿದ.

ಶನಿವಾರ ಯಾರೋ ಪುಣ್ಯಾತ್ಮರು ಪೊಲೀಸರ ನೂರಾ ಹನ್ನೆರಡಕ್ಕೆ ಫೋನ್ ಮಾಡಿದರು. ಹನ್ನೊಂದು ಗಂಟೆಗೆ ಮನೆ ಮುಂದೆ ಜೀಪು ನಿಂತಿತು.

ಇಳಿದವರು ಹೊಸ ಸಬ್ ಇನ್ಸ್‌ಪೆಕ್ಟರ್ ಆಶಾ, ಕಾರವಾರದ ಕಡೆಯವರು, ಬಂದು ಹದಿನೈದು ದಿನವಾಗಿತ್ತು. ಜೊತೆಗೆ ಕಾನ್‌ಸ್ಟೇಬಲ್ ಬಾಲರಾಜ್, ಇಲ್ಲಿಯವನೇ. ಬಾಲರಾಜನನ್ನು ನೇರವಾಗಿ ಮಗ್ಗದ ಗುಂಡಿಗೆ ಇಳಿಸಿ, ಮೇಡಂ ಜಗಲಿಯ ಮೇಲೆ ನೋಟ್‌ಬುಕ್ ಬಿಚ್ಚಿದರು. ಹಾಸಿನ ಎಳೆ ಮುಟ್ಟಬೇಡಪ್ಪಾ, ಮದುವೆ ಸೀರೆ ಎಂದು ನಾಗರಾಜಪ್ಪ ಬಾಲರಾಜನಿಗೆ ಕೂಗಿ ಹೇಳಿ, ಎಣ್ಣೆ ಕೈ ಒರೆಸಿಕೊಂಡು ಮೇಡಂ ಮುಂದೆ ನಿಂತ. ಅವನಿಗೆ ಒಳಗೊಳಗೇ ಹಿಗ್ಗು. ಸುದ್ದಿ ಪೊಲೀಸ್ ಠಾಣೆಯವರೆಗೆ ಹೋಗಿದೆಯಲ್ಲ.

“ಕತ್ತಿಯ ವಿಷಯ ಕೇಳಿ ಬಂದೆವು,” ಎಂದರು ಮೇಡಂ. “ನೂರು, ಹೌದೋ?”

“ಹೌದು ಮೇಡಂ. ಮೂರು ದಿನದಿಂದ ನೂರ್ತಾನೇ ಇದೀನಿ. ಇನ್ನೂ ಆಗಿಲ್ಲ.”

ಕೆಲಸ ಪ್ರಗತಿಯಲ್ಲಿದೆ ಎಂದು ಮೇಡಂ ಬರೆದುಕೊಂಡರು. “ಎಷ್ಟರಮಟ್ಟಿಗೆ ಬಂದಿದೆ?”

“ಒಂದು ಕಡೇದು ಆಗೈತೆ. ಇನ್ನೊಂದು ಕಡೇದು ಬಾಕಿ.”

ಎರಡು ಕಡೆಗೂ ಇವನೇ ಸರಬರಾಜು ಎಂದು ಬರೆದುಕೊಂಡರು. “ಯಾರಿಗೋಸ್ಕರ ಇದೆಲ್ಲ?”

“ನಮ್ಮ ಬಾಮೈದ ಶಶಿಕಾಂತಂಗೆ. ಮದುವೆ ಗಂಡು ಅವನು. ಅವನ ಕೆನ್ನೆಗೆ ಮೊದಲ್ನೇದು ನಾನೇ ಹಾಕ್ಬೇಕು ಅಂತ ಹಟ ನಂದು. ರವಿತೇಜ ಅಂತ ಒಬ್ಬ ಅಡ್ಡ ಬಂದವ್ನೆ.”

“ನೀನು ಹಾಕಿದ ಮೇಲೆ?”

“ಆಮೇಲೆ ಮಿಕ್ಕಿದ್ದು ಕಾಮಣ್ಣ ಮುಗಿಸ್ತಾನೆ. ಎದುರುಮನೇಲೇ ಇರೋದು. ಐವತ್ತು ವರ್ಷದ ಕೈ ಅದು, ಒಂದು ಹನಿ ಕೆಳಗೆ ಬೀಳಿಸಲ್ಲ.”

ಮೇಡಂ ಪೆನ್ನು ಕೆಳಗಿಟ್ಟು ಎದುರುಮನೆಯ ಕಡೆ ನೋಡಿದರು. ಕಾಮಣ್ಣ ಅಲ್ಲಿಂದಲೇ ಕೈಮುಗಿದು ನಕ್ಕ. “ಮನೆಯ ಹಿರಿಯರಿಗೆ ಇದು ಗೊತ್ತಿದೆಯೋ?” ಎಂದು ಕೇಳಿದರು.

“ಗೊತ್ತಿಲ್ದೆ ಏನು ಮೇಡಂ, ಅತ್ತೆಯವ್ರೇ ಹಾಲು ತಂದು ಕೊಡ್ತಾರೆ. ಹಿಂದಿನಿಂದ ನಡ್ಕಂಡು ಬಂದಿರೋದು. ನಮ್ಮ ಮಾವಂಗೂ ಹಿಂಗೇ ಆಗಿದ್ದು.”

ಒಂದು ಮನೆತನ ತಲೆತಲಾಂತರದಿಂದ ಗಂಡುಮಕ್ಕಳನ್ನು ಮದುವೆಯ ಮುಂಚೆಯೇ ಮುಗಿಸುತ್ತ ಬಂದಿದೆ ಎಂಬುದನ್ನು ಹೇಗೆ ಬರೆಯುವುದೆಂದು ಮೇಡಂ ಯೋಚಿಸುತ್ತಿದ್ದಾಗ ಮನೆ ಮುಂದೆ ಆಟೋ ನಿಂತಿತು. ಸುದ್ದಿ ಕೊಂಡ್ಲಹಳ್ಳಿಗೂ ಮುಟ್ಟಿ ಅತ್ತೆ ಓಡಿ ಬಂದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ರವಿತೇಜನೂ ಅದೇ ಆಟೋದಲ್ಲಿದ್ದ. ಅವನ ಮುಖದ ಮೇಲೆ ಏಳು ಕಡೆ ಹತ್ತಿ ಅಂಟಿಸಿತ್ತು.

ಬೀದಿಯಲ್ಲಿ ಆಗಲೇ ಜನ ಸೇರಿದ್ದರು, ಎಲ್ಲರಿಗಿಂತ ಮುಂದೆ ಪಾಪಕ್ಕ. ಅಯ್ಯೋ ಶುರುವಾಗೇ ಬಿಡ್ತಲ್ಲ ಎಂದು ಅವಳು ಕುಕ್ಕೆಯ ಮೇಲೆ ಕೈಯಿಟ್ಟು ಕೂತಳು. ಮೇಡಂ ರವಿತೇಜನನ್ನು ಹತ್ತಿರ ಕರೆದು, ಹೆದರಬೇಡ, ಇದು ಯಾರ ಕೆಲಸ ಹೇಳು ಎಂದರು. ರವಿತೇಜ ನೆಲ ನೋಡಿದ. ಆಮೇಲೆ ಗೋವಿಂದಮ್ಮನನ್ನು ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ನೆಲ ನೋಡಿದ. ಪಾಪ, ಎಷ್ಟು ಬೆದರಿಸಿದ್ದಾರೋ ಎಂದು ಯಾರೋ ಅಂದರು. ಮೇಡಂ ಜೀಪಿನ ಬಾಗಿಲು ತೆಗೆಯಲು ಡ್ರೈವರನಿಗೆ ಹೇಳಿದರು.

ಜೀಪಿನ ಬಾಗಿಲು ತೆರೆದದ್ದೂ ನಾಗರಾಜಪ್ಪನಿಗೆ ಕಾಣಲಿಲ್ಲ. ಅವನು ಆ ಗಲ್ಲವನ್ನೇ ನೋಡುತ್ತಿದ್ದ. ಮೊದಲು ಹತ್ತಿಯ ತುಣುಕುಗಳನ್ನು ಎಣಿಸಿದ, ಏಳು ಎಂದಾಗ ಮಂಗಳವಾರದಿಂದ ಇದ್ದ ಉರಿ ಸ್ವಲ್ಪ ತಣ್ಣಗಾಯಿತು. ಆಮೇಲೆ ನೇಕಾರನ ಕಣ್ಣು ಕೆಲಸ ಮಾಡಿತು. ಗೀರುಗಳೆಲ್ಲ ಒಂದೇ ಓರೆಗೆ ಇದ್ದವು. ಬಾಯಿ ಮುರಿದ ಕತ್ತಿ, ಬೆನ್ನು ಎತ್ತಿ ಮಸೆದದ್ದು. ಹೊಡೆದದ್ದಲ್ಲ ಅದು, ಕ್ಷೌರ. ತಣ್ಣಗಾದ ಉರಿ ಎರಡರಷ್ಟಾಗಿ ಎದ್ದಿತು. ಗಲ್ಲ ಅವನದು, ಸೀರೆಯ ಹೊಗಳಿಕೆ ಅವನದು, ಈಗ ಮಸೆಯುವುದನ್ನೂ ಬಿಡಲಿಲ್ಲವಲ್ಲ.

“ಲೇ ರವಿ,” ಎಂದ ನಾಗರಾಜಪ್ಪ. “ನೀನೂ ನೂರಿದ್ಯೇನೋ?”

“ಇವನ ಹತ್ತಿರವೂ ನೂರೋ?” ಎಂದರು ಮೇಡಂ. “ಹಾಗಾದರೆ ಒಟ್ಟು ಇನ್ನೂರು.”

ರವಿತೇಜನಿಗೆ ತಡೆಯಲಾಗಲಿಲ್ಲ. “ನೂರಿದೆ ಅಣ್ಣ, ನಿನ್ನೆಯಿಂದ ನೂರಿದೆ. ನಂದು ಬ್ಲೇಡ್ ಹಾಕೋ ಕತ್ತಿ, ಅದಕ್ಕೆ ಮಸೆಯೋದೇ ಇಲ್ಲ. ನೀವು ಕೈಯಾರೆ ನೂರ್ತಿದೀರಂತೆ ಅಂತ ರಂಜಿತಾ ಬಾಯಲ್ಲಿ ಕೂತ್ರೂ ನಿಂತ್ರೂ ಅದೇ ಮಾತು. ನಿಜವಾದ ಕತ್ತಿ ತಂದೆ. ಬೆನ್ನು ಎಷ್ಟು ಎತ್ತಬೇಕು ಅಣ್ಣ? ಅದನ್ನ ನೋಡ್ಕಂಡು ಹೋಗಾಣ ಅಂತಾನೇ ಬಂದೆ.”

“ಎತ್ತಲೇಬಾರ್ದು ಕಣೋ ದಡ್ಡ,” ಎಂದ ನಾಗರಾಜಪ್ಪ, ಮೂರು ದಿನದ ಪಾಂಡಿತ್ಯವನ್ನೆಲ್ಲ ಆ ಒಂದು ಮಾತಿಗೆ ಸುರಿದು.

ಅಷ್ಟು ಹೊತ್ತಿಗೆ ಮಗ್ಗದ ಕೆಳಗಿನಿಂದ ಬಾಲರಾಜನ ತಲೆ ಮೇಲೆ ಬಂತು. “ಮೇಡಂ, ತೆಲುಗಲ್ಲಿ ನೂರೋದು ಅಂದ್ರೆ ಮಸೆಯೋದು. ಫೋನ್ ಮಾಡಿದೋರು ನೂರು ಕತ್ತಿ ಅಂದ್ರು, ಕತ್ತಿ ನೂರು ಅಂದಿದ್ರೆ ನಂಗೆ ಅಲ್ಲೇ ಗೊತ್ತಾಗ್ತಿತ್ತು. ಗುಂಡೀಲಿ ಕತ್ತಿ ಇಲ್ಲ. ಒಂದು ರೇಡಿಯೋ, ಎಡಗಾಲಿನ ಚಪ್ಪಲಿ, ಆಮೇಲೆ ಮಿರ್ಚಿ ಬಜ್ಜಿ ಕಟ್ಟಿದ ಪೇಪರು ಇಪ್ಪತ್ಮೂರು.”

ಎಣ್ಣೆಯ ಪದಾರ್ಥ ಮುಟ್ಟಬಾರದೆಂದು ಡಾಕ್ಟರು ನಾಗರಾಜಪ್ಪನಿಗೆ ಹೇಳಿ ಎಂಟು ತಿಂಗಳಾಗಿತ್ತು. ಗೋವಿಂದಮ್ಮ ಬಾಲರಾಜನ ಕೈಯಿಂದ ಆ ಪೇಪರುಗಳನ್ನು ಈಸಿಕೊಂಡು ತಾನೇ ಇನ್ನೊಂದು ಸಲ ಎಣಿಸಿದಳು. ಜೀಪಿನಲ್ಲಿ ಹೋಗಿದ್ದರೇ ಚೆನ್ನಾಗಿತ್ತು ಎಂದು ನಾಗರಾಜಪ್ಪನಿಗೆ ಅನ್ನಿಸಿತು.

ಮೇಡಂ ಬರೆದಿದ್ದ ಮೂರು ಪುಟವನ್ನೂ ನಿಧಾನವಾಗಿ ಹರಿದು ಜೇಬಿಗೆ ಹಾಕಿಕೊಂಡರು. ಬಂದದ್ದಕ್ಕೆ ಆ ಒಂದು ಕತ್ತಿಯನ್ನಾದರೂ ತೋರಿಸಿ ಎಂದರು. ನಾಗರಾಜಪ್ಪನಿಗೆ ಬೇಕಾದದ್ದೂ ಅದೇ. ಅತ್ತೆ, ಹೆಂಡತಿ, ಷಡ್ಡಕ, ಪೊಲೀಸ್, ಇಡೀ ಬೀದಿ ಎದುರಿಗಿದೆ, ಇಂಥ ಸಭೆ ಮತ್ತೆ ಸೇರುವುದಿಲ್ಲ. ಕತ್ತಿಯನ್ನು ತಂದು ಬಿಡಿಸಿ ಬಾಯಿ ಮೇಲಾಗಿ ಹಿಡಿದ. ನಡುಗದ ಕೈ ಎಲ್ಲರಿಗೂ ಕಾಣುವಂತೆ ಒಂದು ಕ್ಷಣ ಹಾಗೇ ನಿಂತು, ಒಂದೇ ಒಂದು ರೇಷ್ಮೆ ಎಳೆಯನ್ನು ಮೇಲಿನಿಂದ ಬಿಟ್ಟ. ಬಿದ್ದ ಕ್ಷಣವೇ ಎರಡಾಗಬೇಕು, ಕಾಮಣ್ಣ ಹೇಳಿದ್ದ ಪರೀಕ್ಷೆ.

ಎಳೆ ಬಂದು ಕತ್ತಿಯ ಬಾಯಿಯ ಮೇಲೆ ಕೂತಿತು. ತಂತಿಯ ಮೇಲೆ ಒಣಹಾಕಿದ ಪಂಚೆಯ ಹಾಗೆ ಎರಡೂ ಕಡೆ ಇಳಿಬಿದ್ದು ಗಾಳಿಗೆ ಸ್ವಲ್ಪ ತೂಗಿತು. ನಾಗರಾಜಪ್ಪ ಎಳೆಯ ತುದಿ ಹಿಡಿದು ಎಳೆದ. ಎಳೆ ಸರಾಗವಾಗಿ ಜಾರಿತು, ಆ ನೊಣ ಜಾರಿದ ಹಾಗೆ.

“ನೂರು ಹಾಳಾಗ್ಲಿ,” ಎಂದಳು ಪಾಪಕ್ಕ. “ಇಲ್ಲಿ ಒಂದೂ ಇಲ್ವಲ್ರೀ ಮೇಡಮ್ಮಾರೆ.”

ಪೊಲೀಸ್ ಮೇಡಂ ನಕ್ಕದ್ದನ್ನು ಮೊಳಕಾಲ್ಮೂರು ಮೊದಲು ಕಂಡದ್ದು ಆವತ್ತೇ. ಪಕ್ಕದಮನೆಯವನು ಸಂಜೆಯೊಳಗೆ ಬಂದು ಗೋಡೆ ಇದ್ದಲ್ಲೇ ಇರಲಿ ಎಂದು ಹೇಳಿ ಹೋದ.

ಅರಿಶಿನದ ದಿನ ಬಂತು. ಕೊಂಡ್ಲಹಳ್ಳಿಯ ಮನೆಯ ಅಂಗಳದಲ್ಲಿ ಶಶಿಕಾಂತ ಮಣೆಯ ಮೇಲೆ ಕೂತ. ಎರಡು ತಿಂಗಳಿಂದ ಬಿಟ್ಟ ದಟ್ಟ ಗಡ್ಡ ಅವನದು, ಮದುವೆಗೆ ಬೋಳಿಸಲೆಂದೇ ಬಿಟ್ಟದ್ದೆಂದು ಎಲ್ಲರೂ ತಿಳಿದಿದ್ದರು. ಕಾಮಣ್ಣ ಪೆಟ್ಟಿಗೆ ಬಿಚ್ಚಿದ. ಒಂದು ಪಕ್ಕದಲ್ಲಿ ನಾಗರಾಜಪ್ಪ, ಇನ್ನೊಂದು ಪಕ್ಕದಲ್ಲಿ ಗೀರು ಮಾಯುತ್ತಿದ್ದ ರವಿತೇಜ, ಇಬ್ಬರೂ ಹಾಲಿನ ಬಟ್ಟಲನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮದುಮಗ ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡ.

“ಯಾರೂ ಮುಟ್ಟಂಗಿಲ್ಲ. ಹುಡುಗಿ ಒಪ್ಪಿರೋದೇ ಈ ಗಡ್ಡ ನೋಡಿ. ಬೋಳಿಸ್ಕಂಡು ಹೋದ್ರೆ ಹಾರ ಹಾಕಲ್ಲ ಅಂದವ್ಳೆ.”

ಅತ್ತೆ ಕಾಮಣ್ಣನ ಮುಖ ನೋಡಿದರು. ಕಾಮಣ್ಣ ಗಡ್ಡ ನೋಡಿದ, ಇಬ್ಬರೂ ಅಳಿಯಂದಿರ ಮುಖ ನೋಡಿದ, ಆಮೇಲೆ ನಿಧಾನವಾಗಿ ಹೇಳಿದ.

“ಪದ್ಧತಿಗೆ ಬಾಯಿ ಯಾಕ್ರಮ್ಮ ಬೇಕು? ಕತ್ತಿ ಬೆನ್ನು ಹಾಲಲ್ಲಿ ಅದ್ದಿ ಒಂದ್ಸಲ ತಾಗಿಸಿದ್ರೆ ಆಯ್ತು. ಹಿಂದಿನೋರೂ ಹಂಗೇ ಮಾಡಿದ್ದು. ಆದ್ರೂ ನನ್ನ ಕತ್ತಿ ಬ್ಯಾಡ, ಕೈ ತಪ್ಪಿದ್ರೆ ಕಷ್ಟ. ಚಿಕ್ಕ ಅಳಿಯಂದಿರದಂತೂ ಬ್ಯಾಡವೇ ಬ್ಯಾಡ. ನಾಗರಾಜಪ್ಪಾರು ತಂದಿರೋದೇ ಇರ್ಲಿ. ಅದರಷ್ಟು ಕ್ಷೇಮವಾದ ಕತ್ತಿ ಈ ತಾಲ್ಲೂಕಲ್ಲೇ ಇಲ್ಲ.”

ಹೀಗೆ ನಾಗರಾಜಪ್ಪ ಗೆದ್ದ. ಮೂರು ದಿನ ಮಸೆದ ಕತ್ತಿಯನ್ನು ಹಾಲಿನಲ್ಲಿ ಅದ್ದಿ, ಮಸೆಯದೇ ಇದ್ದ ಬೆನ್ನನ್ನು ಬಾಮೈದನ ಗಡ್ಡಕ್ಕೆ ತಾಗಿಸಿದ. ಕೈ ನಡುಗಲಿಲ್ಲ. ರವಿತೇಜ ಬಟ್ಟಲು ಹಿಡಿದುಕೊಳ್ಳಬೇಕಾಯಿತು. ಊಟದಲ್ಲಿ ಮೊದಲನೇ ಎಲೆಯ ಮುಂದೆ ಕೂತ ನಾಗರಾಜಪ್ಪ, ಎರಡನೇ ಎಲೆಯವನ ಕಡೆ ಒಂದು ಸಲ ನೋಡಿ, ಹೋಳಿಗೆಯನ್ನು ಮುರಿದು ಬಾಯಿಗಿಡುವ ಹೊತ್ತಿಗೆ, ಹಿಂದೆ ತುಪ್ಪ ಹಿಡಿದು ನಿಂತಿದ್ದ ಗೋವಿಂದಮ್ಮ ತಂಗಿಗೆ ಹೇಳುವುದು ಕೇಳಿಸಿತು.

“ಏನೇ ಹೇಳು ರಂಜಿ, ಗಂಡಸಿಗೆ ಗಡ್ಡ ಇದ್ರೇನೇ ಲಕ್ಷಣ ಕಣೇ. ನಮ್ಮ ಶಶಿದು ನೋಡು, ನಮ್ಮ ಮಗ್ಗದ ಪಟ್ಟೆ ಇದ್ದಂಗೈತೆ.”

ಮೊದಲನೇ ಎಲೆಯಲ್ಲೂ ಎರಡನೇ ಎಲೆಯಲ್ಲೂ ಹೋಳಿಗೆ ಒಟ್ಟಿಗೇ ಕೆಳಗೆ ಬಿತ್ತು.

ಮದುವೆ ಮುಗಿದ ಮಾರನೆಯ ದಿನವೇ ಅಪ್ಪನ ಕತ್ತಿ ಟ್ರಂಕಿಗೆ ಹೋಯಿತು. ಸಾಣೆಕಲ್ಲಿಗೆಂದು ತಂದ ಕಡಲೆಕಾಯಿ ಎಣ್ಣೆ ಇನ್ನೂ ಅರ್ಧ ಬಾಟಲಿ ಉಳಿದಿತ್ತು, ನಾಗರಾಜಪ್ಪ ಅದನ್ನು ಬೆಳಿಗ್ಗೆ ಸಂಜೆ ಗಲ್ಲಕ್ಕೆ ತಿಕ್ಕತೊಡಗಿದ. ದಿನಕ್ಕೆರಡು ಸಲ ಚಳ್ಳಕೆರೆಯಿಂದ ಫೋನ್ ಬರುತ್ತಿತ್ತು, ನಿಮ್ಮದು ಎಷ್ಟು ಬಂತು ಅಣ್ಣ ಎಂದು. ಹತ್ತು ದಿನವಾದ ಮೇಲೆ ಗೋವಿಂದಮ್ಮ ಮತ್ತೆ ಬಾಗಿಲಲ್ಲಿ ನಿಂತು ತಂಗಿಗೆ ಗೋಳು ಹೇಳಿಕೊಂಡಳು, ನಿಮ್ಮ ಬಾವ ಕೆಲಸ ಬಿಟ್ಟು ‘ಗಡ್ಡಂ’ ಬೆಳೆಸುತ್ತ ಕೂತಿದ್ದಾನೆ ಎಂದು, ತೆಲುಗಿನಲ್ಲಿ. ಮೆಟ್ಟಿಲ ಮೇಲೆ ಮೊಸರು ಅಳೆಯುತ್ತಿದ್ದ ಪಾಪಕ್ಕನ ಕಿವಿಗೆ ಅದು ತನಗೆ ಗೊತ್ತಿದ್ದ ‘ಗಡ್ಡಿ’ಯಾಗಿಯೇ ಬಿತ್ತು.

ಮರುದಿನ ಬೆಳಿಗ್ಗೆ ನಾಗರಾಜಪ್ಪ ಬಾಗಿಲು ತೆಗೆದಾಗ ಪಾಪಕ್ಕ ಕುಡುಗೋಲು, ಹಗ್ಗ ಹಿಡಿದು ನಿಂತಿದ್ದಳು. ಈ ಸಲ ಬೀದಿಗೆಲ್ಲ ಹೇಳುವ ಮುಂಚೆ ತಾನೇ ನೋಡಿಬಿಡೋಣವೆಂದು ಒಬ್ಬಳೇ ಬಂದಿದ್ದಳು.

“ಎಮ್ಮೆಗೆ ಮೇವೇ ಇಲ್ಲಣ್ಣಾರೆ,” ಎಂದಳು. “ಒಂದೇ ಒಂದು ಹೊರೆ ಸಾಕು. ಎಲ್ಲಿ ಬೆಳ್ಸಿದೀರ ತೋರಿಸ್ರಿ, ನಾನೇ ಕುಯ್ಕಂತೀನಿ.”